ಅಲ್ ಜವಾಹಿರಿ ಡಾಕ್ಟರ್ ಆಗಿದ್ದವನು ಹೀಗ್ಯಾಕಾದ, ಜೈಲೇ ಕಾರಣಾನಾ?

ಪ್ರಶ್ನೆ: ಸರ್, 2022ರಲ್ಲಿ ಹಿಜಾಬ್ ಗಲಾಟೆ ಟೈಮಲ್ಲಿ ಮಂಡ್ಯದ ಸ್ಟೂಡೆಂಟ್ ಒಬ್ಬಳನ್ನ ಹೊಗಳಿ ಅಲ್ ಖೈದಾ ನಾಯಕ ಅಲ್ ಜವಾಹಿರಿ ವಿಡಿಯೋ ಬಿಟ್ಟಿದ್ದನಲ್ಲ, ಆಮೇಲೆ ನಾಲ್ಕು ತಿಂಗಳಲ್ಲಿ ಕಾಬೂಲಲ್ಲಿ ಸತ್ತ. ಅವನು ಸರ್ಜನ್ ಅಂತೆ, ಮನೆತನವೂ ದೊಡ್ಡದಂತೆ. ಈಜಿಪ್ಟ್ ಜೈಲಲ್ಲಿ ಕೊಟ್ಟ ಟಾರ್ಚರ್‌ನಿಂದ ಹಾಗಾದ ಅಂತ ಒಂದು ಕಡೆ ಓದಿದೆ, ಲಾಡೆನ್‌ನ ಅಸಲಿ ಬ್ರೈನ್ ಇವನೇ ಅಂತ ಇನ್ನೊಂದು ಕಡೆ. ಯಾವುದು ನಿಜ? ಮತ್ತೆ ಅಷ್ಟು ದೊಡ್ಡ ಲೀಡರ್‌ಗೆ ಮಂಡ್ಯದ ವಿಷಯ ಯಾಕೆ ಬೇಕಿತ್ತು?

ಉತ್ತರ: ಜೈಲಿನ ಕಥೆ ಅರ್ಧ ನಿಜ, ಬ್ರೈನ್ ಕಥೆ ಅರ್ಧಕ್ಕಿಂತ ಕಮ್ಮಿ ನಿಜ. ನನ್ನನ್ನ ಕೇಳಿದ್ರೆ ಅಯ್ಮನ್ ಅಲ್ ಜವಾಹಿರಿ ಕೈ ಹಾಕಿದ ಕೆಲಸದಲ್ಲಿ ಮುಕ್ಕಾಲು ಪಾಲು ಸೋತವನು, ಸೋತಾಗೆಲ್ಲ ಇನ್ನೊಬ್ಬರ ದುಡ್ಡು ಇಲ್ಲಾ ಇನ್ನೊಬ್ಬರ ಮನೆ ಹುಡುಕಿಕೊಂಡು ಹೋದವನು, ಅವನ ಸೋಲಿನ ಬಿಲ್ ಮಾತ್ರ ಯಾವಾಗಲೂ ಬೇರೆಯವರೇ ಕಟ್ಟಿದ್ದು. ಮಂಡ್ಯದ ವಿಡಿಯೋ ಕೂಡ ಅದೇ ಸಾಲಿನದು, ಅಲ್ಲಿಗೆ ಕೊನೆಗೆ ಬರ್ತೀನಿ.

ಮನೆತನದ ಬಗ್ಗೆ ನೀವು ಕೇಳಿದ್ದು ಸರಿ. 1951ರ ಜೂನ್‌ನಲ್ಲಿ ಹುಟ್ಟಿದ್ದು, ಬೆಳೆದಿದ್ದು ಕೈರೋ ಪಕ್ಕದ ಮಾದಿ ಅನ್ನೋ ಏರಿಯಾದಲ್ಲಿ. ವಿದೇಶಿಯರು, ಶ್ರೀಮಂತರು, ಬಂಗಲೆ, ಸ್ಪೋರ್ಟಿಂಗ್ ಕ್ಲಬ್ ಎಲ್ಲ ಇದ್ದ ಜಾಗ ಅದು. ಅಪ್ಪ ಐನ್ ಶಮ್ಸ್ ಯೂನಿವರ್ಸಿಟಿಯಲ್ಲಿ ಫಾರ್ಮಕಾಲಜಿ ಪ್ರೊಫೆಸರ್. ಅಪ್ಪನ ವಂಶದಲ್ಲಿ ಒಬ್ಬರು ಅಲ್ ಅಜ್ಹರ್‌ನ ಗ್ರ್ಯಾಂಡ್ ಇಮಾಮ್ ಆಗಿದ್ದವರು, ಅಂದ್ರೆ ಸುನ್ನಿ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ವಿದ್ವತ್ತಿನ ಪೀಠ ಕಮ್ಮಿ. ತಾಯಿಯ ಅಪ್ಪ ಅಬ್ದುಲ್ ವಹಾಬ್ ಅಜ್ಜಾಮ್ ಕೈರೋ ಯೂನಿವರ್ಸಿಟಿ ಅಧ್ಯಕ್ಷ ಆಗಿದ್ದವರು, ರಾಯಭಾರಿ ಆಗಿದ್ದವರು. ಅರಬ್ ಲೀಗ್‌ನ ಮೊದಲ ಸೆಕ್ರೆಟರಿ ಜನರಲ್ ಕೂಡ ಅದೇ ಅಜ್ಜಾಮ್ ಮನೆತನದವರೇ. ಇಷ್ಟೆಲ್ಲ ಇದ್ದೂ ಮನೆ ಮಾತ್ರ ಸಾದಾ, ಆ ಕ್ಲಬ್ಬಿಗೆ ಇವರು ಮೆಂಬರ್ ಆಗಿರಲಿಲ್ಲ, ಹುಡುಗನನ್ನ ಇಂಗ್ಲಿಷ್ ಸ್ಕೂಲಿಗೆ ಹಾಕದೆ ಸರ್ಕಾರಿ ಸ್ಕೂಲಿಗೆ ಹಾಕಿದ್ರು. ಬಡತನ, ಓದಿಲ್ಲ, ಕೆಲಸ ಇಲ್ಲ, ಅದಕ್ಕೇ ಟೆರರಿಸ್ಟ್ ಆದ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಲ್ಲ, ಆ ಲೆಕ್ಕ ಇವನ ಮುಂದೆ ನಿಲ್ಲೋದೇ ಇಲ್ಲ.

ಈಗ ಜೈಲಿನ ವಿಷಯ. ಇದಕ್ಕೆ ತಾರೀಕು ನೋಡಿದ್ರೆ ಸಾಕು. ಅವನ ಸೋದರಮಾವನ ವರಸೆಯವರು ಮಹ್ಫೂಜ್ ಅಜ್ಜಾಮ್ ಅಂತ ಲಾಯರ್, ಅವರು ಸಯ್ಯಿದ್ ಕುತುಬ್‌ನ ಶಿಷ್ಯ, ಕೊನೆಗೆ ಅವನ ವಕೀಲ ಕೂಡ. ಮುಸ್ಲಿಮರೇ ಆಳ್ತಿದ್ರೂ ದೇವರ ಕಾನೂನು ಜಾರಿ ಮಾಡದ ಸರ್ಕಾರ ಅಜ್ಞಾನದ ಸರ್ಕಾರ, ಅದನ್ನ ಕಿತ್ತೊಗೆಯಬೇಕು ಅಂತ ಬರೆದವನು ಈ ಕುತುಬ್. 1966ರ ಆಗಸ್ಟ್‌ನಲ್ಲಿ ಆಗಿನ ಈಜಿಪ್ಟ್ ಅಧ್ಯಕ್ಷ ನಾಸರ್‌ನ ಸರ್ಕಾರ ಅವನನ್ನ ಗಲ್ಲಿಗೆ ಹಾಕಿತು. ಹುಡುಗ ಅಯ್ಮನ್ ಮಾವನ ಬಾಯಲ್ಲಿ ಈ ಕುತುಬ್‌ನ ಕಥೆಗಳನ್ನ ಕೇಳಿಕೊಂಡೇ ಬೆಳೆದಿದ್ದ, ಅದೇ ವರ್ಷ ಸ್ಕೂಲ್ ಗೆಳೆಯರನ್ನ ಸೇರಿಸಿಕೊಂಡು ಸರ್ಕಾರ ಉರುಳಿಸೋಕೆ ಅಂತ ಒಂದು ಗುಪ್ತ ಗುಂಪು ಕಟ್ಟಿದ. ವಯಸ್ಸು 15. ಮರುವರ್ಷ ಇಸ್ರೇಲ್ ಎದುರು ಆರು ದಿನದಲ್ಲಿ ಈಜಿಪ್ಟ್ ಸೋತು ಮಲಗಿತು, ನಾಸರ್ ಮೇಲಿದ್ದ ನಂಬಿಕೆ ಇಡೀ ಒಂದು ತಲೆಮಾರಿಗೆ ಹೋಯ್ತು, ಇಂಥ ಗುಂಪುಗಳಿಗೆ ಹುಡುಗರು ಸಿಗೋದು ಸುಲಭ ಆಯ್ತು. ಅವನು ಜೈಲಿಗೆ ಹೋಗಿದ್ದು 1981ರಲ್ಲಿ. ಅಂದ್ರೆ ಜೈಲಿಗಿಂತ 15 ವರ್ಷ ಮುಂಚೆನೇ ದಾರಿ ಹಿಡಿದಾಗಿತ್ತು.

ಈ 15 ವರ್ಷದಲ್ಲಿ ಹೊರಗಡೆಗೆ ಅವನು ಯಾರೂ ಅನುಮಾನ ಪಡದ ಹುಡುಗ. 1974ರಲ್ಲಿ ಕೈರೋ ಯೂನಿವರ್ಸಿಟಿಯಿಂದ ಮೆಡಿಕಲ್ ಡಿಗ್ರಿ, ಮೂರು ವರ್ಷ ಮಿಲಿಟರಿಯಲ್ಲಿ ಸರ್ಜನ್, 1978ರಲ್ಲಿ ಸರ್ಜರಿಯಲ್ಲಿ ಮಾಸ್ಟರ್ಸ್, ಅದೇ ವರ್ಷ ಮದುವೆ. 1980ರಲ್ಲಿ ಪಾಕಿಸ್ತಾನದ ಪೇಶಾವರಕ್ಕೆ ಹೋಗಿ ರೆಡ್ ಕ್ರೆಸೆಂಟ್ ಪರವಾಗಿ ಅಫ್ಘಾನ್ ನಿರಾಶ್ರಿತರಿಗೆ ಆಪರೇಷನ್ ಮಾಡಿದ. ಇದು ನಾಟಕ ಅಂತ ನಾನು ಹೇಳಲ್ಲ, ಗಾಯಾಳುಗಳಿಗೆ ನಿಜವಾಗಲೂ ಚಿಕಿತ್ಸೆ ಕೊಟ್ಟಿದ್ದಾನೆ. ಆದ್ರೆ ಅಲ್ಲಿ ಅವನ ಕಣ್ಣಿಗೆ ಬಿದ್ದಿದ್ದು ಗಾಯ ಒಂದೇ ಅಲ್ಲ. ನೈಲ್ ಕಣಿವೆ ಅಂದ್ರೆ ಬಟಾಬಯಲು, ಅಲ್ಲಿ ಗೆರಿಲ್ಲಾ ಯುದ್ಧ ಆಗಲ್ಲ, ಅಫ್ಘಾನ್ ಬೆಟ್ಟಗಳಲ್ಲಿ ಟ್ರೇನಿಂಗ್ ಕೊಡಬಹುದು ಅನ್ನೋದು. ಡಾಕ್ಟರ್ ಆಗಿ ಹೀಗಾ ಅಂತ ಕೇಳೋರಿಗೆ ಒಂದು ಮಾಹಿತಿ, ಅವನ ಸಂಘಟನೆಯ ಸಿದ್ಧಾಂತ ಬರೆದ ಸಯ್ಯಿದ್ ಇಮಾಮ್ ಕೂಡ ಅದೇ ಮೆಡಿಕಲ್ ಕಾಲೇಜಿನ ಜೊತೆಗಾರ, ಅವನೂ ಸರ್ಜನ್ನೇ.

1981ರ ಅಕ್ಟೋಬರ್ 6ಕ್ಕೆ ಅಧ್ಯಕ್ಷ ಸಾದಾತ್‌ನನ್ನ ಮಿಲಿಟರಿ ಪರೇಡ್‌ನಲ್ಲೇ ಗುಂಡಿಟ್ಟು ಕೊಂದ್ರು. ಕೊಂದಿದ್ದು ಇವನಿದ್ದ ಜಿಹಾದ್ ಸಂಘಟನೆಯ ಇನ್ನೊಂದು ಬಣ, ತನಗೆ ಪ್ಲಾನ್ ಗೊತ್ತಾಗಿದ್ದು ಕೆಲವೇ ಗಂಟೆ ಮುಂಚೆ ಅಂತ ಇವನು ಹೇಳಿಕೊಂಡಿದ್ದಾನೆ. ಆ ತಿಂಗಳಲ್ಲೇ ಪಾಕಿಸ್ತಾನಕ್ಕೆ ಹೊರಟವನನ್ನ ಹಿಡಿದ್ರು. ಟಾರ್ಚರ್ ಆಗಿದ್ದು ನಿಜ, ಅದರಲ್ಲಿ ಡೌಟ್ ಬೇಡ, ಆ ಕಾಲದ ಈಜಿಪ್ಟ್ ಜೈಲುಗಳಲ್ಲಿ ಹೊಡೆತ, ಕರೆಂಟ್ ಶಾಕ್, ನಾಯಿ ಬಿಡೋದು ಎಲ್ಲ ನಡೀತಿತ್ತು. 300ಕ್ಕೂ ಹೆಚ್ಚು ಆರೋಪಿಗಳನ್ನ ಕೋರ್ಟಲ್ಲಿ ಕಬ್ಬಿಣದ ಪಂಜರದೊಳಗೆ ನಿಲ್ಲಿಸಿದ್ದಾಗ ವಿದೇಶಿ ಪತ್ರಕರ್ತರ ಕಡೆ ತಿರುಗಿ ಇಂಗ್ಲಿಷಲ್ಲಿ ಕೂಗಾಡಿದ ಕನ್ನಡಕದ ಯುವಕ ಇವನೇ, ಆ ಫೂಟೇಜ್ ಈಗಲೂ ಸಿಗುತ್ತೆ. ಇಂಗ್ಲಿಷ್ ಬರ್ತಿತ್ತು ಅಂತ ಎಲ್ಲರ ಪರವಾಗಿ ಇವನನ್ನ ಮುಂದೆ ಬಿಟ್ಟಿದ್ರು. ಕ್ಯಾಮೆರಾ ಮುಂದೆ ನಿಂತ್ರೆ ಏನಾಗುತ್ತೆ ಅಂತ ಅವನಿಗೆ ಅರ್ಥ ಆಗಿದ್ದು ಅಲ್ಲೇ ಅಂತ ನನ್ನ ಅನಿಸಿಕೆ.

ಆದ್ರೆ ಜೈಲಲ್ಲಿ ಇನ್ನೊಂದು ನಡೀತು, ಅದನ್ನ ಅವನ ಅಭಿಮಾನಿಗಳು ಹೇಳಲ್ಲ. ಇಸಾಮ್ ಅಲ್ ಕಮರಿ ಅಂತ ಮಿಲಿಟರಿಯ ಟ್ಯಾಂಕ್ ಆಫೀಸರ್ ಒಬ್ಬ ಇವರ ಗುಂಪಲ್ಲಿದ್ದ, ಜವಾಹಿರಿಗೆ ತುಂಬಾ ಬೇಕಾದವನು. ಹೊಡೆತ ತಡೆಯೋಕಾಗದೆ ಜವಾಹಿರಿ ಅವನ ಸುಳಿವು ಕೊಟ್ಟ, ಅವನು ಸಿಕ್ಕಿಬಿದ್ದ, ಆಮೇಲೆ ಅವನ ವಿರುದ್ಧ ಸಾಕ್ಷಿನೂ ಹೇಳಬೇಕಾಯ್ತು. ಅಂಥ ಹಿಂಸೆಯಲ್ಲಿ ಯಾರು ಬಾಯಿ ಬಿಟ್ರೂ ತಪ್ಪು ಅನ್ನೋಕೆ ನನಗೆ ಮನಸ್ಸಿಲ್ಲ. ಆದ್ರೆ 1984ರಲ್ಲಿ ಹೊರಗೆ ಬಂದವನು ದೇಶದಲ್ಲಿ ನಿಲ್ಲದೆ 1985ರಲ್ಲಿ ಜೆದ್ದಾಕ್ಕೆ, ಅಲ್ಲಿಂದ ಮತ್ತೆ ಪೇಶಾವರಕ್ಕೆ ಹೋಗಿದ್ದರ ಹಿಂದೆ ಈ ನಾಚಿಕೆ ಇದೆ ಅಂತ ಅವನನ್ನ ಬಲ್ಲವರೇ ಹೇಳಿದ್ದಾರೆ. ಹಾಗಾಗಿ ಜೈಲು ಅವನನ್ನ ಉಗ್ರ ಮಾಡಲಿಲ್ಲ, ಮೊದಲೇ ಉಗ್ರನಾಗಿದ್ದವನಿಗೆ ಕರುಣೆ ಅನ್ನೋದನ್ನ ತೆಗೆದು ಹಾಕಿತು. ಇನ್ನೊಂದು ಮಾತು, ಅದೇ ಜೈಲಲ್ಲಿ ಅದೇ ಏಟು ತಿಂದ ನೂರಾರು ಜನ ಆಮೇಲೆ ಹಿಂಸೆ ಬಿಟ್ರು, 1997ರಲ್ಲಿ ಗಮಾ ಇಸ್ಲಾಮಿಯಾ ಅನ್ನೋ ಈಜಿಪ್ಟಿನ ಇನ್ನೊಂದು ಉಗ್ರ ಸಂಘಟನೆಯ ನಾಯಕರು ಜೈಲಿಂದಲೇ ಕದನವಿರಾಮ ಘೋಷಿಸಿದ್ರು, ಅದನ್ನ ಬೈದವನು ವಿದೇಶದಲ್ಲಿ ಕೂತಿದ್ದ ಜವಾಹಿರಿ.

ಪೇಶಾವರದಲ್ಲಿ ಅವನಿಗೆ ಬಿನ್ ಲಾಡೆನ್ ಸಿಕ್ಕ. ಅವನ ಹತ್ರ ಸೌದಿ ಕಂಟ್ರಾಕ್ಟರ್ ಮನೆತನದ ದುಡ್ಡು ಇತ್ತು, ಸಂಘಟನೆ ಇರಲಿಲ್ಲ. ಜವಾಹಿರಿ ಕಡೆ ಮಿಲಿಟರಿ, ಪೊಲೀಸ್ ಅನುಭವ ಇದ್ದ ಈಜಿಪ್ಟ್ ಹುಡುಗರಿದ್ರು, ದುಡ್ಡು ಇರಲಿಲ್ಲ. 1988ರಲ್ಲಿ ಅಲ್ ಖೈದಾ ಶುರುವಾದಾಗ ಮೇಲಿನ ಹುದ್ದೆಗಳಲ್ಲಿ ಈಜಿಪ್ಟಿನವರೇ ತುಂಬಿಕೊಂಡಿದ್ದು ಹೀಗೆ. ಆದ್ರೂ ಜವಾಹಿರಿಯ ಗುರಿ ಅಮೆರಿಕ ಆಗಿರಲಿಲ್ಲ, ಅದು ಲಾಡೆನ್‌ನ ಹುಚ್ಚು. ಇವನಿಗೆ ಬೇಕಿದ್ದಿದ್ದು ಕೈರೋ. ಹತ್ತಿರದ ಶತ್ರುವನ್ನ ಮೊದಲು ಮುಗಿಸಬೇಕು, ದೂರದ ಶತ್ರು ಆಮೇಲೆ ಅನ್ನೋದೇ ಅವನ ವಾದ.

ಆ ಹತ್ತಿರದ ಶತ್ರು ಜೊತೆ ಏನಾಯ್ತು ನೋಡಿ. 90ರ ದಶಕದ ಶುರುವಲ್ಲಿ ಸಯ್ಯಿದ್ ಇಮಾಮ್‌ನನ್ನ ಬದಿಗೆ ಸರಿಸಿ ಇವನೇ ತನ್ನ ಸಂಘಟನೆ ಈಜಿಪ್ಶಿಯನ್ ಜಿಹಾದ್‌ನ ನಾಯಕ ಆದ. ಅಷ್ಟರಲ್ಲಿ ಸಂಘಟನೆಯ ಮೆಂಬರ್‌ಶಿಪ್ ನೋಡಿಕೊಳ್ತಿದ್ದವನು ಕಂಪ್ಯೂಟರ್ ಸಮೇತ ಪೊಲೀಸರ ಕೈಗೆ ಸಿಕ್ಕ, ಅದರಲ್ಲಿ ಎಲ್ಲರ ಹೆಸರು ಅಡ್ರೆಸ್, ನೂರಾರು ಜನ ಒಳಗೆ ಹೋದ್ರು. ಗುಪ್ತ ಸಂಘಟನೆ ಅಂತ ಹೇಳಿಕೊಂಡು ಎಲ್ಲರ ಲಿಸ್ಟು ಒಂದೇ ಕಡೆ ಇಟ್ಟುಕೊಂಡವರನ್ನ ಏನನ್ನಬೇಕೋ. 1993ರ ಆಗಸ್ಟಲ್ಲಿ ಗೃಹಮಂತ್ರಿ ಮೇಲೆ ಬಾಂಬ್, ಅವನು ಉಳಿದ. ನವೆಂಬರಲ್ಲಿ ಪ್ರಧಾನಿ ಆತಿಫ್ ಸಿದ್ಕಿ ಮೇಲೆ ಕಾರ್ ಬಾಂಬ್, ಅವನೂ ಉಳಿದ, ಸತ್ತಿದ್ದು ಪಕ್ಕದ ಸ್ಕೂಲಿನ 12 ವರ್ಷದ ಹುಡುಗಿ. ಜನ ಆ ಮಗು ಹೆಣದ ಹಿಂದೆ ಭಯೋತ್ಪಾದನೆ ದೇವರ ವೈರಿ ಅಂತ ಘೋಷಣೆ ಕೂಗಿಕೊಂಡು ಹೋದ್ರು. ಸ್ಕೂಲ್ ಖಾಲಿ ಇದೆ, ಕಟ್ಟಡದ ಕೆಲಸ ನಡೀತಿದೆ ಅಂದುಕೊಂಡಿದ್ವಿ, ಬೇಕಾದ್ರೆ ಪರಿಹಾರ ಕೊಡ್ತೀವಿ ಅಂತ ಎಷ್ಟೋ ವರ್ಷ ಆದ್ಮೇಲೆ ತನ್ನ ಆತ್ಮಕಥೆಯಲ್ಲಿ ಬರೆದ. ಅದೇ ಪುಸ್ತಕದಲ್ಲಿ ದಾಳಿಯನ್ನ ಸಮರ್ಥಿಸಿಕೊಂಡಿದ್ದಾನೆ ಕೂಡ.

ಆಗ ಇವರು ಬೀಡು ಬಿಟ್ಟಿದ್ದ ಸುಡಾನಿನ ಕಥೆ ಇದಕ್ಕಿಂತ ಕೆಟ್ಟದು. 1995ರಲ್ಲಿ ಈಜಿಪ್ಟ್ ಗೂಢಚಾರರು ಇವರ ಸಂಘಟನೆಯವರ ಮಕ್ಕಳು ಇಬ್ಬರನ್ನ ಬ್ಲ್ಯಾಕ್‌ಮೇಲ್ ಮಾಡಿ ಬೇಹುಗಾರಿಕೆಗೆ ಬಳಸಿಕೊಂಡಿದ್ರು. ದೊಡ್ಡ ಪಾಪ ಅದು, ಆ ಪಾಪ ಗೂಢಚಾರರ ಲೆಕ್ಕಕ್ಕೆ. ಆದ್ರೆ ಜವಾಹಿರಿ ಮಾಡಿದ್ದೇನು, ಇನ್ನೂ ಮೀಸೆ ಬರದ ಹುಡುಗರಿಗೆ ತಾನೇ ಒಂದು ಕೋರ್ಟ್ ಮಾಡಿ ಗುಂಡಿಟ್ಟು ಕೊಲ್ಲಿಸಿದ, ವಿಡಿಯೋ ಮಾಡಿಸಿ ಬೇರೆಯವರಿಗೆ ಎಚ್ಚರಿಕೆ ಅಂತ ಹಂಚಿಸಿದ. ಅವನ ಸ್ವಂತ ಜನರಲ್ಲೇ ಎಷ್ಟೋ ಜನ ಅವತ್ತು ಬಿಟ್ಟು ಹೋದ್ರು, ಸುಡಾನ್ ಸರ್ಕಾರ ಇವರನ್ನ ಹೊರಗೆ ಹಾಕಿತು. ಆಮೇಲೆ ಬೀಡು ಬಿಡೋಕೆ ಜಾಗ ಹುಡುಕ್ತಾ ಚೆಚೆನ್ಯಾಕ್ಕೆ ಹೊರಟ, 1996ರ ಡಿಸೆಂಬರ್‌ನಲ್ಲಿ ದಾಗೆಸ್ತಾನದಲ್ಲಿ ರಷ್ಯಾದವರು ಸುಳ್ಳು ಪಾಸ್‌ಪೋರ್ಟ್ ಸಮೇತ ಹಿಡಿದ್ರು, ಸುಮಾರು ಆರು ತಿಂಗಳು ಇಟ್ಟುಕೊಂಡ್ರು, ಲ್ಯಾಪ್‌ಟಾಪಲ್ಲಿ ಅರಬಿಕ್ ಫೈಲ್ ಇದ್ರೂ ಇವನು ಯಾರು ಅಂತ ಗೊತ್ತಾಗದೆ 1997ರಲ್ಲಿ ಬಿಟ್ಟು ಕಳಿಸಿದ್ರು. ಇತಿಹಾಸದಲ್ಲಿ ಇಂಥ ಕಡೆ ಬಂದಾಗ ಓದ್ತಾ ಓದ್ತಾ ತಲೆ ಚಚ್ಚಿಕೊಳ್ಳೋ ಹಾಗಾಗುತ್ತೆ.

ಇಷ್ಟಾದ್ಮೇಲೆ ಅವನ ಹತ್ರ ಉಳಿದಿದ್ದೇನು? ದುಡ್ಡಿಲ್ಲ, ದೇಶ ಇಲ್ಲ, ಜನ ಕರಗಿದ್ದಾರೆ. ಲಾಡೆನ್ ಅಫ್ಘಾನಿಸ್ತಾನದಲ್ಲಿದ್ದ, ಅಲ್ಲಿಗೆ ಹೋದ. 1998ರ ಫೆಬ್ರವರಿ 23ಕ್ಕೆ ಅಮೆರಿಕದವರನ್ನ, ಸಿವಿಲಿಯನ್ ಆದ್ರೂ ಸರಿ, ಕೊಲ್ಲೋದು ಕರ್ತವ್ಯ ಅಂತ ಬಂದ ಹೇಳಿಕೆಗೆ ಸಹಿ ಹಾಕಿದ. 30 ವರ್ಷ ಹತ್ತಿರದ ಶತ್ರು ಅಂತಿದ್ದವನು ಒಂದು ಸಹಿಯಲ್ಲಿ ದೂರದ ಶತ್ರು ಕಡೆ ತಿರುಗಿಬಿಟ್ಟ, ಅದೂ ಸಂಘಟನೆಯಲ್ಲಿ ಎಲ್ಲರನ್ನೂ ಕೇಳದೆ, ಅದಕ್ಕೆ ಜಗಳ ಆಗಿ ತುಂಬ ಜನ ಹೊರಟೇ ಹೋದ್ರು. ಇದನ್ನ ಸಿದ್ಧಾಂತದ ಬದಲಾವಣೆ ಅಂತ ದೊಡ್ಡ ದೊಡ್ಡ ಲೇಖನ ಬರೆದಿದ್ದಾರೆ. ನನಗೆ ಕಾಣೋದು ದಿವಾಳಿಯಾದ ಅಂಗಡಿ ಪಕ್ಕದ ದೊಡ್ಡ ಅಂಗಡಿ ಜೊತೆ ಸೇರಿಕೊಂಡಿದ್ದು, ಅಷ್ಟೇ. ಆಗಸ್ಟ್ 7ಕ್ಕೆ ನೈರೋಬಿ, ದಾರ್ ಎಸ್ ಸಲಾಮ್‌ನ ಅಮೆರಿಕನ್ ಎಂಬೆಸಿಗಳ ಮುಂದೆ ಬಾಂಬ್ ಸಿಡಿದು 224 ಜನ ಸತ್ರು, ಅಮೆರಿಕದವರು 12, ಮಿಕ್ಕವರು ಹೆಚ್ಚೂಕಮ್ಮಿ ಎಲ್ಲ ಆಫ್ರಿಕಾದವರೇ. 2001ರ ಜೂನಲ್ಲಿ ಎರಡು ಸಂಘಟನೆಗಳು ಪೂರ್ತಿ ವಿಲೀನ ಆದವು.

ಹಾಗಾಗಿ ಬ್ರೈನ್ ಪ್ರಶ್ನೆಗೆ ಉತ್ತರ: 9/11 ಐಡಿಯಾ ತಂದು ಪ್ಲಾನ್ ಮಾಡಿದ್ದು ಖಾಲಿದ್ ಶೇಖ್ ಮೊಹಮ್ಮದ್, ಒಪ್ಪಿಗೆ ಮತ್ತು ದುಡ್ಡು ಲಾಡೆನ್‌ದು. ಜವಾಹಿರಿ ಕೊಟ್ಟಿದ್ದು ಜನ, ಗುಟ್ಟಾಗಿ ಕೆಲಸ ಮಾಡೋ ಪದ್ಧತಿ, ಆತ್ಮಹತ್ಯಾ ದಾಳಿಗೆ ಧರ್ಮದ ಸಮರ್ಥನೆ. ಚಿಕ್ಕದಲ್ಲ, ಆದ್ರೆ ಲಾಡೆನ್‌ನನ್ನ ಗೊಂಬೆ ಥರ ಕುಣಿಸಿದ ಅನ್ನೋದು ಸಿನಿಮಾ. ಅವನ ಸ್ವಭಾವ ನೋಡಬೇಕು ಅಂದ್ರೆ 2001ರಲ್ಲಿ ಕಾಬೂಲಲ್ಲಿ ಅಮೆರಿಕದ ಪತ್ರಕರ್ತರೊಬ್ಬರ ಕೈಗೆ ಸಿಕ್ಕ ಕಂಪ್ಯೂಟರ್‌ನಲ್ಲಿದ್ದ ಪತ್ರ ಓದಬೇಕು. 1999ರದು, ಯೆಮನ್‌ನಲ್ಲಿದ್ದ ಶಾಖೆಯವರಿಗೆ ಬರೆದಿದ್ದು. ನೀನು ಕಳಿಸಿದ್ದು ಲೆಕ್ಕ ಅಲ್ಲ, ಬರೀ ಸಾರಾಂಶ, 470 ಡಾಲರ್ ಕೊಟ್ಟು ಹೊಸ ಫ್ಯಾಕ್ಸ್ ಮೆಷಿನ್ ಯಾಕೆ ತಗೊಂಡೆ, ಹಳೇ ಎರಡು ಫ್ಯಾಕ್ಸ್ ಎಲ್ಲಿ, ಪರ್ಮಿಷನ್ ಕೇಳಿದ್ಯಾ ಅಂತ ಕಿಚಾಯಿಸಿದ್ದಾನೆ. ತಾಲ್ಲೂಕು ಆಫೀಸಿನ ಆಡಿಟ್ ಆಬ್ಜೆಕ್ಷನ್ ಓದಿದ ಹಾಗಿರುತ್ತೆ.

2001ರ ಕೊನೆಗೆ ಅಮೆರಿಕದ ಬಾಂಬ್ ದಾಳಿಯಲ್ಲಿ ಅವನ ಹೆಂಡತಿ, ಮಕ್ಕಳು ಸತ್ರು, ಡೌನ್ ಸಿಂಡ್ರೋಮ್ ಇದ್ದ ಚಿಕ್ಕ ಮಗಳು ಕೂಡ. ಇದನ್ನೂ ಹೇಳದೆ ಇರೋದು ಸರಿಯಲ್ಲ. ಅಲ್ಲಿಂದ ಪಾಕಿಸ್ತಾನ ಗಡಿಯ ಬುಡಕಟ್ಟು ಪ್ರದೇಶದಲ್ಲಿ ತಲೆಮರೆಸಿಕೊಂಡು ವಿಡಿಯೋ ಮಾಡೋದೇ ಕೆಲಸ ಆಯ್ತು. ತಲೆ ಮೇಲೆ 2.5 ಕೋಟಿ ಡಾಲರ್ ಬಹುಮಾನ. 2006ರ ಜನವರಿಯಲ್ಲಿ ದಾಮಾದೋಲಾ ಹಳ್ಳಿ ಮೇಲೆ ಇವನಿದ್ದಾನೆ ಅಂತ ಮಿಸೈಲ್ ಬಿಟ್ರು, ಅವನಿರಲಿಲ್ಲ, ಹಳ್ಳಿಯವರು ಸತ್ರು. 2009ರ ಡಿಸೆಂಬರ್ 30ಕ್ಕೆ ಜೋರ್ಡಾನಿನ ಒಬ್ಬ ಡಾಕ್ಟರ್ ಜವಾಹಿರಿ ಸುಳಿವು ಕೊಡ್ತೀನಿ ಅಂತ ನಂಬಿಸಿ ಅಫ್ಘಾನಿಸ್ತಾನದ ಖೋಸ್ತ್‌ನಲ್ಲಿದ್ದ ಸಿಐಎ ಬೇಸ್ ಒಳಗೇ ಬಂದು ಸಿಡಿಸಿಕೊಂಡ, ಅವರ ಏಳು ಜನ ಹೋದ್ರು. ಹಿಡಿಯೋ ಆತುರವೇ ಅವರಿಗೆ ಬಲೆ ಆಯ್ತು.

2005ರ ಜುಲೈನಲ್ಲಿ ಇರಾಕಿನಲ್ಲಿ ಅಲ್ ಖೈದಾ ಶಾಖೆ ನಡೆಸ್ತಿದ್ದ ಜರ್ಕಾವಿಗೆ ಬರೆದ ಪತ್ರ ಅಮೆರಿಕದವರಿಗೆ ಸಿಕ್ಕಿತು. ಈ ಯುದ್ಧದ ಅರ್ಧಕ್ಕಿಂತ ಹೆಚ್ಚು ನಡೀತಿರೋದು ಮೀಡಿಯಾದಲ್ಲಿ, ತಲೆ ಕಡಿಯೋ ವಿಡಿಯೋ ಬೇಡ, ಶಿಯಾಗಳ ಮಸೀದಿ ಮೇಲೆ ದಾಳಿ ಬೇಡ, ಸಾಮಾನ್ಯ ಮುಸ್ಲಿಮರಿಗೆ ಹಿಡಿಸಲ್ಲ ಅಂತ ಬುದ್ಧಿ ಹೇಳಿದ್ದ. ತಪ್ಪು ಅಂತಲ್ಲ, ಹೆಸರು ಕೆಡುತ್ತೆ ಅಂತ, ಗಮನಿಸಿ. ಅದೇ ಪತ್ರದಲ್ಲಿ ಒಂದು ಲಕ್ಷ ಕಳಿಸೋಕಾಗುತ್ತಾ ಅಂತ ದುಡ್ಡೂ ಕೇಳಿದ್ದಾನೆ! ಜರ್ಕಾವಿ ಮಾತು ಕೇಳಲಿಲ್ಲ. ನವೆಂಬರಲ್ಲಿ ಅಮ್ಮಾನ್‌ನ ಹೋಟೆಲ್‌ಗಳಲ್ಲಿ ಬಾಂಬ್ ಹಾಕಿಸಿದ, ಅದರಲ್ಲೊಂದು ಕಡೆ ಮದುವೆ ಊಟ ನಡೀತಿತ್ತು. 2007ರಲ್ಲಿ ಹಳೇ ದೋಸ್ತಿ ಸಯ್ಯಿದ್ ಇಮಾಮ್ ಜೈಲಿಂದ ಇವನ ಹಿಂಸೆಯನ್ನ ಧರ್ಮಶಾಸ್ತ್ರ ಹಿಡಿದೇ ಖಂಡಿಸಿ ಬರೆದಾಗ, ಈಜಿಪ್ಟಿನ ಜೈಲಿನ ಸೆಲ್‌ಗಳಲ್ಲಿ ಈಗ ಫ್ಯಾಕ್ಸ್ ಇದ್ಯಾ, ಅದೂ ಕರೆಂಟ್ ಶಾಕ್ ಮೆಷಿನ್ ಲೈನಿಗೇ ಕನೆಕ್ಟ್ ಆಗಿದ್ಯಾ ಅಂತ ವ್ಯಂಗ್ಯ ಮಾಡಿದ. ಆಮೇಲೆ 2008ರಲ್ಲಿ ಆ ಖಂಡನೆಗೆ ಉತ್ತರ ಕೊಡೋಕೆ ಒಂದು ಇಡೀ ಪುಸ್ತಕವನ್ನೇ ಬರೀಬೇಕಾಯ್ತು, ಅಂದ್ರೆ ಏಟು ಬಿದ್ದಿತ್ತು. ಅದೇ ಸುಮಾರಿಗೆ ಆನ್‌ಲೈನಲ್ಲಿ ಪ್ರಶ್ನೆ ಕೇಳಿ ಅಂತ ಜನರಿಗೆ ಅವಕಾಶ ಕೊಟ್ಟ. ಬಾಗ್ದಾದ್, ಮೊರಾಕ್ಕೋ, ಅಲ್ಜೀರಿಯಾದಲ್ಲಿ ಅಮಾಯಕರನ್ನ ಕೊಲ್ತಿರೋದು ಯಾರು ಅಂತ ಮುಸ್ಲಿಮರೇ ಅವನನ್ನ ನೇರವಾಗಿ ಕೇಳಿದ್ರು. ನಾವು ಅಮಾಯಕರನ್ನ ಕೊಂದಿಲ್ಲ, ಸತ್ತಿದ್ರೆ ಅದು ತಪ್ಪಿನಿಂದ ಅಂತ ಜಾರಿಕೊಂಡ.

2011ರಲ್ಲಿ ಲಾಡೆನ್ ಸತ್ತ ಮೇಲೆ ಆರು ವಾರ ಬಿಟ್ಟು ಜೂನ್ 16ಕ್ಕೆ ಇವನನ್ನ ನಾಯಕ ಅಂತ ಘೋಷಿಸಿದ್ರು. ಲಾಡೆನ್‌ಗಿದ್ದ ಸೆಳೆತ ಇವನಿಗಿಲ್ಲ, ಗಂಟೆಗಟ್ಟಲೆ ಬೆರಳು ತೋರಿಸಿಕೊಂಡು ಪಾಠ ಹೇಳೋ ಮೇಷ್ಟ್ರು. 2013ರಲ್ಲಿ ಅಲ್ ಖೈದಾದ ಇರಾಕ್ ಶಾಖೆಯ ಬಾಗ್ದಾದಿ ಮತ್ತು ಸಿರಿಯಾ ಶಾಖೆಯ ಜೋಲಾನಿ ಜಗಳಕ್ಕೆ ಬಿದ್ದಾಗ ಬಾಗ್ದಾದಿಗೆ ನೀನು ಇರಾಕಿಗೆ ವಾಪಸ್ ಹೋಗು ಅಂತ ತೀರ್ಪು ಕೊಟ್ಟ, ಬಾಗ್ದಾದಿ ಹೋಗಲ್ಲ ಅಂದ. 2014ರ ಫೆಬ್ರವರಿಯಲ್ಲಿ ಅವರಿಗೂ ನಮಗೂ ಸಂಬಂಧ ಇಲ್ಲ ಅಂತ ಅಲ್ ಖೈದಾ ಹೇಳಿತು, ನಾಲ್ಕೇ ತಿಂಗಳಲ್ಲಿ ಬಾಗ್ದಾದಿ ಮೊಸುಲ್ ಗೆದ್ದು ಖಲೀಫಾ ಅಂತ ಮೆರೆದ. ಜೋಲಾನಿನೂ 2016ರಲ್ಲಿ ಕೈ ಬಿಟ್ಟ (ಅವನೇ ಈಗ ಅಹ್ಮದ್ ಅಲ್ ಶರಾ ಅನ್ನೋ ಹೆಸರಲ್ಲಿ ಸೂಟು ಹಾಕಿಕೊಂಡು ಸಿರಿಯಾದ ಅಧ್ಯಕ್ಷ ಆಗಿರೋದು). ಇನ್ನೊಂದು ಮುಜುಗರ, ತಾಲಿಬಾನಿನ ನಾಯಕ ಮುಲ್ಲಾ ಒಮರ್ 2013ರಲ್ಲೇ ಸತ್ತಿದ್ದ, ಅದು ಹೊರಗೆ ಬಂದಿದ್ದು 2015ರಲ್ಲಿ, ಅಲ್ಲಿ ತನಕ ಅಲ್ ಖೈದಾ ಸತ್ತವನಿಗೆ ನಿಷ್ಠೆ ಹೇಳಿಕೊಂಡಿತ್ತು.

ಬಾಗ್ದಾದಿಯ ಐಸಿಸ್ ಎದುರು ಮಂಕಾದಾಗ ಅವನು ನಮ್ಮ ಕಡೆ ತಿರುಗಿದ್ದು. 2014ರ ಸೆಪ್ಟೆಂಬರಲ್ಲಿ ಭಾರತ ಉಪಖಂಡದ ಅಲ್ ಖೈದಾ ಅಂತ ಶಾಖೆ ಘೋಷಿಸಿ ಅಸ್ಸಾಂ, ಗುಜರಾತ್, ಕಾಶ್ಮೀರದ ಹೆಸರು ಹೇಳಿದ. ಅದರ ಮುಖ್ಯಸ್ಥ ಆಸಿಮ್ ಉಮರ್ ಉತ್ತರಪ್ರದೇಶದ ಸಂಭಲ್ ಮೂಲದವನು, 2019ರಲ್ಲಿ ಅಫ್ಘಾನಿಸ್ತಾನದಲ್ಲಿ ಸತ್ತ. ಭಾರತದ ಮುಸ್ಲಿಮರಿಂದ ಅವನು ನಿರೀಕ್ಷಿಸಿದ ಪ್ರತಿಕ್ರಿಯೆ ಬರಲೇ ಇಲ್ಲ.

ಈಗ ಮಂಡ್ಯ. 2020ರ ಕೊನೆಗೆ ಜವಾಹಿರಿ ಸತ್ತ ಅಂತ ಸುದ್ದಿ ಹಬ್ಬಿತ್ತು. ಆಮೇಲೆ ಬಂದ ವಿಡಿಯೋಗಳಲ್ಲಿ ಹೊಸ ಘಟನೆಗಳ ಸ್ಪಷ್ಟ ಮಾತಿಲ್ಲದೆ ಹಳೇ ರೆಕಾರ್ಡಿಂಗ್ ಇರಬಹುದು ಅನ್ನೋ ಗುಮಾನಿ ಇತ್ತು. 2022ರ ಫೆಬ್ರವರಿಯಲ್ಲಿ ಮಂಡ್ಯದ ಕಾಲೇಜಿನಲ್ಲಿ ಕೇಸರಿ ಶಾಲಿನ ಹುಡುಗರ ಗುಂಪಿನ ಮುಂದೆ ಒಬ್ಬಳೇ ನಡೆದುಹೋದ ವಿದ್ಯಾರ್ಥಿನಿಯ ವಿಡಿಯೋ ಪ್ರಪಂಚ ಪೂರ್ತಿ ಓಡಾಡ್ತು, ಏಪ್ರಿಲ್‌ನಲ್ಲಿ ಸುಮಾರು 9 ನಿಮಿಷದ ಇವನ ವಿಡಿಯೋ ಬಂತು, ಪದ್ಯ ಬೇರೆ ಓದಿದ. ಅವನಿಗೆ ಬೇಕಿದ್ದಿದ್ದು ಎರಡೇ. ನಾನು ಬದುಕಿದ್ದೀನಿ ಅಂತ ತೋರಿಸೋಕೆ ತಾರೀಕು ಗೊತ್ತಾಗೋ ಒಂದು ಘಟನೆ, ಮತ್ತೆ ಆಗಲೇ ವೈರಲ್ ಆಗಿರೋ ಒಂದು ವಿಷಯ. ಕಾಲೇಜು, ಯೂನಿಫಾರ್ಮ್, ಕೋರ್ಟು ಇದ್ಯಾವುದರಲ್ಲೂ ಅವನಿಗೆ ಆಸಕ್ತಿ ಇರಲಿಲ್ಲ. ಆ ಹುಡುಗಿ ತಂದೆ ಅವತ್ತೇ ಮೀಡಿಯಾ ಮುಂದೆ ಅವನು ಯಾರೋ ನಮಗೆ ಗೊತ್ತಿಲ್ಲ, ನಾವು ಇಲ್ಲಿ ನೆಮ್ಮದಿಯಾಗಿದ್ದೀವಿ ಅಂತ ಹೇಳಿ ಮುಗಿಸಿದ್ರು. ಆದ್ರೂ ಆಮೇಲೆ ಎಷ್ಟೋ ದಿನ ಟೀವಿಯಲ್ಲಿ ಆ ಮಗುವಿಗೂ ಅಲ್ ಖೈದಾಗೂ ಗಂಟು ಹಾಕೋ ಚರ್ಚೆ ನಡೀತು, ಅವನಿಗೆ ಬೇಕಿದ್ದ ಪ್ರಚಾರ ನಮ್ಮವರೇ ಪುಕ್ಕಟೆ ಮಾಡಿಕೊಟ್ರು.

ಅಷ್ಟೊತ್ತಿಗೆ ಅವನು ಕಾಬೂಲಿನ ಶೇರ್‌ಪುರ್‌ನಲ್ಲಿದ್ದ, ಯುದ್ಧದ ದುಡ್ಡಲ್ಲಿ ಕಟ್ಟಿದ ಬಂಗಲೆಗಳ ಏರಿಯಾ. ಮನೆ ಸಿರಾಜುದ್ದೀನ್ ಹಕ್ಕಾನಿ ಕಡೆಯವರದು ಅಂತ ಅಮೆರಿಕ ಹೇಳಿತು, ಹಕ್ಕಾನಿ ಅಂದ್ರೆ ತಾಲಿಬಾನ್ ಸರ್ಕಾರದ ಗೃಹಮಂತ್ರಿ. ಕುಟುಂಬ ಬಂದು ಸೇರಿದ್ದನ್ನ ಮೊದಲು ಪತ್ತೆ ಮಾಡಿದ್ರು, ಆಮೇಲೆ ಅವನು ಮನೆಯಿಂದ ಹೊರಗೇ ಬರಲ್ಲ, ಬಾಲ್ಕನಿಯಲ್ಲಿ ಮಾತ್ರ ನಿಲ್ತಾನೆ ಅಂತ ತಿಂಗಳುಗಟ್ಟಲೆ ನೋಡಿಕೊಂಡ್ರು. ಜುಲೈ 31ರ ಬೆಳಿಗ್ಗೆ 6:18ಕ್ಕೆ ಡ್ರೋನ್‌ನಿಂದ ಎರಡು ಹೆಲ್‌ಫೈರ್ ಮಿಸೈಲ್. ಮನೆಯವರಿಗೆ ಏನೂ ಆಗಲಿಲ್ಲ ಅಂತ ಬೈಡನ್ ಸರ್ಕಾರದ ಹೇಳಿಕೆ. ವಯಸ್ಸು 71. ಅವನು ಅಲ್ಲಿದ್ದಿದ್ದೇ ನಮಗೆ ಗೊತ್ತಿಲ್ಲ ಅಂತ ತಾಲಿಬಾನ್ ಅಂದ್ರು, ಹೆಣವೂ ಸಿಗಲಿಲ್ಲ ಅಂದ್ರು.

ಉತ್ತರಾಧಿಕಾರಿ ಯಾರು ಅಂತ ಅಲ್ ಖೈದಾ ಆಮೇಲೆ ಲಾಡೆನ್ ಸತ್ತಾಗಿನ ಹಾಗೆ ಘೋಷಣೆ ಮಾಡಲಿಲ್ಲ. ಹಳೇ ಈಜಿಪ್ಟ್ ಮಿಲಿಟರಿ ಆಫೀಸರ್ ಸೈಫ್ ಅಲ್ ಆದಿಲ್ ಅಂತ 2023ರ ವಿಶ್ವಸಂಸ್ಥೆ ರಿಪೋರ್ಟ್ ಹೇಳುತ್ತೆ. ಅವನಿರೋದು ಇರಾನಲ್ಲಂತೆ. ಜವಾಹಿರಿ ಕಾಬೂಲಲ್ಲಿ ಸತ್ತ ಅಂತ ಒಪ್ಪಿಕೊಂಡ್ರೆ ತಾಲಿಬಾನಿಗೆ ಕಷ್ಟ, ಹೊಸ ನಾಯಕ ಶಿಯಾ ದೇಶದಲ್ಲಿ ಕೂತಿದ್ದಾನೆ ಅಂತ ಹೇಳಿದ್ರೆ ತಮ್ಮವರ ಮುಂದೆ ಇವರಿಗೇ ಕಷ್ಟ, ಅದಕ್ಕೇ ಈ ಮೌನ ಅನ್ನೋದು ಆ ರಿಪೋರ್ಟಿನ ಲೆಕ್ಕ, ನನಗೂ ಅದು ಸರಿ ಅನ್ಸುತ್ತೆ.